ಮಂಡಿ ಬದಲಾಯಿಸಿದ ಮೇಲೂ ಉಳಿದ ನೋವು

ಮುಂಬಯಿಯ ಮಾಟುಂಗಾದ ಮದುವೆ ಹಾಲಿರಲಿ, ಡೊಂಬಿವಲಿಯ ಭಜನೆ ಇರಲಿ, ನಮ್ಮ ಕನ್ನಡಿಗರು ಸೇರಿದ ಕಡೆ ಈಗ ಜಮಖಾನಕ್ಕಿಂತ ಗೋಡೆ ಬದಿಯ ಪ್ಲಾಸ್ಟಿಕ್ ಕುರ್ಚಿಗಳೇ ಮೊದಲು ತುಂಬುತ್ತವೆ. ಆ ಸಾಲಿನಲ್ಲಿ ಮಂಡಿ ಆಪರೇಷನ್ ಆದವರು ಇದ್ದೇ ಇರುತ್ತಾರೆ. ಕೇಳಿದರೆ ಹೆಚ್ಚಿನವರು "ಮೊದಲಿಗಿಂತ ಎಷ್ಟೋ ಆರಾಮ" ಎನ್ನುತ್ತಾರೆ. ಒಬ್ಬಿಬ್ಬರು ಮಾತು ತಿರುಗಿಸುತ್ತಾರೆ. ವರ್ಷ ಕಳೆದರೂ ನೋವು ಹೋಗಿಲ್ಲ ಎಂದು ಹೇಳಿಕೊಳ್ಳಲು ಅವರಿಗೆ ಸಂಕೋಚ. ಮಕ್ಕಳು ಲಕ್ಷಗಟ್ಟಲೆ ಸುರಿದಿದ್ದಾರೆ, ಎಕ್ಸ್‌ರೇ ನೋಡಿದ ಡಾಕ್ಟರು "ಎಲ್ಲ ಚೆನ್ನಾಗಿ ಕೂತಿದೆ" ಎಂದಿದ್ದಾರೆ. ಇನ್ನೂ ನೋವು ಅಂದರೆ ಯಾರು ನಂಬುತ್ತಾರೆ?

ನಂಬಲೇಬೇಕು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ 2012ರ ಒಂದು ವಿಮರ್ಶೆಯ ಪ್ರಕಾರ, ಮಂಡಿ ಬದಲಾಯಿಸಿಕೊಂಡವರಲ್ಲಿ ಶೇ. 10ರಿಂದ 34ರಷ್ಟು ಜನರಿಗೆ ದೀರ್ಘಕಾಲದ ನೋವು ಉಳಿದಿರುತ್ತದೆ. ಹೀಗಾಗಿ ಇದು ನಾಟಕವೂ ಅಲ್ಲ, ಫಿಸಿಯೋ ಸರಿಯಾಗಿ ಮಾಡದ್ದಕ್ಕೆ ಶಿಕ್ಷೆಯೂ ಅಲ್ಲ. ಆದರೆ "ನೋವು ಹೋಗಿಲ್ಲ" ಎಂಬ ಒಂದೇ ಮಾತಿನೊಳಗೆ ಹತ್ತು ಬೇರೆ ಬೇರೆ ತೊಂದರೆಗಳಿರಬಹುದು. ಅದು ಯಾವುದೆಂದು ತಿಳಿಯದೆ ಮಾತ್ರೆ ಬದಲಿಸಿದರೂ ದಂಡ, ಇಂಜೆಕ್ಷನ್ ಹಾಕಿಸಿಕೊಂಡರೂ ದಂಡ, ಎರಡನೇ ಆಪರೇಷನ್ನಿಗೆ ಒಪ್ಪಿದರಂತೂ ದೊಡ್ಡ ದಂಡ.

ಮೊದಲು ಸಹಜವಾದದ್ದನ್ನು ಬದಿಗಿಡೋಣ. ಸಂಜೆ ಹೊತ್ತಿಗೆ ಮಂಡಿ ಊದಿಕೊಳ್ಳುವುದು, ಮುಟ್ಟಿದರೆ ಇನ್ನೊಂದು ಮಂಡಿಗಿಂತ ಬೆಚ್ಚಗಿರುವುದು ಆರು ತಿಂಗಳವರೆಗೂ ಇರಬಹುದು. ಗಾಯದ ಗೆರೆಯ ಹೊರಬದಿಯಲ್ಲಿ ಒಂದಿಷ್ಟು ಜಾಗ ಮರಗಟ್ಟಿದಂತಿರುತ್ತದೆ. ಚರ್ಮಕ್ಕೆ ಹೋಗುವ ಸಣ್ಣ ನರವೊಂದು ಕೊಯ್ಯುವಾಗ ತುಂಡಾಗುವುದರಿಂದ ಹೀಗಾಗುತ್ತದೆ. ಕೆಲವರಿಗೆ ಅದು ಪೂರ್ತಿ ವಾಸಿಯಾಗುವುದೇ ಇಲ್ಲ, ಅದರಿಂದ ಕೇಡೂ ಇಲ್ಲ. ನಡೆಯುವಾಗ ಟಕ್ ಟಕ್ ಸದ್ದು ಬರುವುದು ಒಳಗಿನ ಲೋಹ, ಪ್ಲಾಸ್ಟಿಕ್ ತಾಗುವುದರಿಂದ. ಸದ್ದಿನ ಜೊತೆ ನೋವಿಲ್ಲದಿದ್ದರೆ ಚಿಂತೆ ಬೇಡ. ನೋವು ವಾರದಿಂದ ವಾರಕ್ಕೆ ನಿಧಾನವಾಗಿಯಾದರೂ ಇಳಿಯುತ್ತಿದ್ದರೆ ಒಂದು ವರ್ಷದವರೆಗೆ ಕಾಯಬಹುದು. ಮೂರು ತಿಂಗಳಾದರೂ ನೋವು ಇದ್ದಲ್ಲೇ ಇದ್ದರೆ, ಅಥವಾ ಒಮ್ಮೆ ಇಳಿದದ್ದು ಮತ್ತೆ ಏರಿದರೆ, ಕಾರಣ ಹುಡುಕಬೇಕು.

ಹುಡುಕಾಟ ಶುರುವಾಗುವುದು ಒಂದು ನೋಟ್‌ಬುಕ್ಕಿನಿಂದ. ಹತ್ತು ದಿನ, ನೋವು ಯಾವಾಗ ಬರುತ್ತದೆ, ಎಲ್ಲಿ, ಯಾವ ಥರ, ಏನು ಮಾಡಿದರೆ ಇಳಿಯುತ್ತದೆ ಎಂದು ಬರೆಯಿರಿ. ಕೂತಲ್ಲಿಂದ ಎದ್ದು ಮೊದಲ ನಾಲ್ಕು ಹೆಜ್ಜೆಗೆ ಚುಳ್ ಎಂದು, ಆಮೇಲೆ ನಡೆದಂತೆ ಕಡಿಮೆಯಾದರೆ ಕೃತಕ ಭಾಗ (ಇಂಪ್ಲಾಂಟ್) ಮೂಳೆಯಿಂದ ಸಡಿಲವಾಗಿದೆಯೇ ಎಂದು ನೋಡಬೇಕಾಗುತ್ತದೆ. ಮಲಗಿದರೂ, ಕಾಲಿಗೆ ಭಾರವಿಲ್ಲದಿದ್ದರೂ ನೋವು ಬಿಡದಿದ್ದರೆ ಮೊದಲ ಅನುಮಾನ ಸೋಂಕಿನ ಮೇಲೆ. ಮೆಟ್ಟಿಲಲ್ಲಿ ಮತ್ತು ಕುರ್ಚಿಯಿಂದ ಏಳುವಾಗ ಮಾತ್ರ ಮುಂಭಾಗದಲ್ಲಿ ನೋವಾದರೆ ತೊಡೆಯ ಸ್ನಾಯು ಸೋತಿರಬಹುದು, ಮಂಡಿಚಿಪ್ಪು ಸರಿಯಾದ ಜಾಡಿನಲ್ಲಿ ಜಾರದೆ ಇರಬಹುದು. ಕಾಲು ಕೈಕೊಟ್ಟಂತಾಗಿ ಮುಗ್ಗರಿಸಿದರೆ ಕೀಲಿನ ಪಕ್ಕದ ಹುರಿಗಳು (ಲಿಗಮೆಂಟ್) ಸಡಿಲವಾಗಿರಬಹುದು. ಒಳಬದಿಯಲ್ಲಿ, ಕೀಲಿನ ಗೆರೆಯಿಂದ ಎರಡು ಮೂರು ಬೆರಳು ಕೆಳಗೆ ಒತ್ತಿದರೆ ಹಾಯ್ ಎನ್ನುವಂತಿದ್ದರೆ ಅದು ಸ್ನಾಯುಗಳು ಅಂಟುವ ಜಾಗದ ಉರಿಯೂತ, ಸಾಮಾನ್ಯವಾಗಿ ಇಂಪ್ಲಾಂಟಿಗೂ ಅದಕ್ಕೂ ಸಂಬಂಧವಿರುವುದಿಲ್ಲ.

ಮಂಡಿಯದ್ದೇ ಅಲ್ಲದ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುವುದೂ ಉಂಟು, ತಪಾಸಣೆಯಲ್ಲಿ ತಪ್ಪಿಹೋಗುವುದು ಹೆಚ್ಚಾಗಿ ಇದೇ. ಸೊಂಟದ ಕೀಲು ಸವೆದಿದ್ದರೆ ನೋವು ತೊಡೆಯ ಮುಂಭಾಗದಿಂದ ಮಂಡಿಯವರೆಗೆ ಇಳಿಯುತ್ತದೆ. ಕುರ್ಚಿಯಲ್ಲಿ ಕೂತು, ಮಂಡಿ ಮಡಚಿದ ಹಾಗೆಯೇ ಇಟ್ಟು ಬೇರೆಯವರಿಂದ ಪಾದವನ್ನು ನಿಧಾನವಾಗಿ ಹೊರಕ್ಕೆ, ಒಳಕ್ಕೆ ತಿರುಗಿಸಿಕೊಳ್ಳಿ. ತೊಡೆಸಂದಿನಲ್ಲಿ ಹಿಡಿದುಕೊಂಡು ಅದೇ ಪರಿಚಿತ ನೋವು ಬಂದರೆ ಸೊಂಟದ ಎಕ್ಸ್‌ರೇಯೂ ಬೇಕು. ಬೆನ್ನಿನಿಂದ ಶುರುವಾಗಿ ಮೊಣಕಾಲಿನ ಕೆಳಗೂ ಜೋಮು ಹಿಡಿದು, ಮುಂದಕ್ಕೆ ಬಾಗಿದರೆ ಅಥವಾ ಕೂತರೆ ಆರಾಮ ಎನಿಸಿದರೆ ಬೆನ್ನುಹುರಿಯ ನರ ಒತ್ತಿಕೊಂಡಿರಬಹುದು. ಆಪರೇಷನ್ನಿಗೆ ಮೊದಲಿದ್ದ ನೋವೇ ಕೂದಲೆಳೆಯಷ್ಟೂ ಬದಲಾಗದೆ ಉಳಿದಿದ್ದರೆ ಈ ಎರಡನ್ನು ವಿಶೇಷವಾಗಿ ನೋಡಿಸಿ.

ಇನ್ನು ಪರೀಕ್ಷೆಗಳು. ನಿಂತು ತೆಗೆದ ಎಕ್ಸ್‌ರೇ ಬೇಕು, ಮಲಗಿಸಿ ತೆಗೆದದ್ದು ಸಾಲದು. ಮಂಡಿಚಿಪ್ಪಿಗೆ ಬೇರೆ ಕೋನದ್ದು ಇರಬೇಕು. ಆಪರೇಷನ್ ಆದ ಕೂಡಲೇ ತೆಗೆದ ಹಳೆಯ ಫಿಲ್ಮನ್ನು ಪಕ್ಕದಲ್ಲಿಟ್ಟು ಹೋಲಿಸಿದರಷ್ಟೇ ಸಡಿಲಾದದ್ದು ಗೊತ್ತಾಗುತ್ತದೆ. ರಕ್ತದಲ್ಲಿ ಸಿಆರ್‌ಪಿ ಮತ್ತು ಇಎಸ್‌ಆರ್ ಎಂಬ ಉರಿಯೂತದ ಗುರುತುಗಳನ್ನು ನೋಡುತ್ತಾರೆ. ಸಿಆರ್‌ಪಿ ಕೆಲವೇ ವಾರಗಳಲ್ಲಿ ಮಾಮೂಲಿಗೆ ಬರಬೇಕು, ಇಎಸ್‌ಆರ್ ಇಳಿಯಲು ತಿಂಗಳುಗಳೇ ಹಿಡಿಯುತ್ತವೆ. ಅನುಮಾನವಿದ್ದರೆ ಕೀಲಿನಿಂದ ನೀರು ತೆಗೆದು ಜೀವಕೋಶ ಎಣಿಸಿ, ಕಲ್ಚರಿಗೆ ಹಾಕುತ್ತಾರೆ, ಅಂದರೆ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುತ್ತಾರೆ. ನಿಧಾನಕ್ಕೆ ಬೆಳೆಯುವ ಬ್ಯಾಕ್ಟೀರಿಯಾಗಳೂ ಇರುವುದರಿಂದ ಕಲ್ಚರನ್ನು ಎರಡು ವಾರದವರೆಗೆ ಇಟ್ಟು ನೋಡುವುದುಂಟು. ಇಲ್ಲಿ ಒಂದು ಅನಾಹುತ ಮತ್ತೆ ಮತ್ತೆ ಆಗುತ್ತದೆ: ಮಂಡಿ ಕೆಂಪಗಾಯಿತೆಂದು ಪಕ್ಕದ ಬೀದಿಯ ಡಾಕ್ಟರು ಐದು ದಿನದ ಆಂಟಿಬಯಾಟಿಕ್ ಕೊಡುತ್ತಾರೆ, ಆಮೇಲೆ ನೀರು ತೆಗೆದರೆ ಏನೂ ಬೆಳೆಯುವುದಿಲ್ಲ, "ಸೋಂಕಿಲ್ಲ" ಎಂಬ ರಿಪೋರ್ಟು ಬರುತ್ತದೆ. ನೀರು ತೆಗೆಯುವ ಮೊದಲು ಸಾಮಾನ್ಯವಾಗಿ ಎರಡು ವಾರ ಆಂಟಿಬಯಾಟಿಕ್ ಇರಬಾರದು. ಬೋನ್ ಸ್ಕ್ಯಾನಿನ ಬಗ್ಗೆಯೂ ಒಂದು ಮಾತು. ಮೊದಲ ಒಂದೆರಡು ವರ್ಷ ಸರಿಯಾಗಿರುವ ಮಂಡಿಯೂ ಅದರಲ್ಲಿ ಹೊಳೆಯುತ್ತದೆ, ಅದನ್ನೇ ನೋಡಿ ಗಾಬರಿಯಾಗಬೇಡಿ. ಡಿಸ್ಚಾರ್ಜ್ ಫೈಲಿನಲ್ಲಿ ಇಂಪ್ಲಾಂಟಿನ ಸ್ಟಿಕರ್‌ಗಳಿರುತ್ತವೆ, ಕಂಪನಿ, ಸೈಜು, ಲಾಟ್ ನಂಬರು ಸಮೇತ. ಅದರ ಫೋಟೋ ತೆಗೆದಿಡಿ. ಎರಡನೇ ಸರ್ಜನ್ ಕೇಳುವ ಮೊದಲ ಕಾಗದ ಅದೇ.

ಮಂಡಿ ಪೂರ್ತಿ ಚಾಚದಿರುವುದು ನೋವಿಗೆ ದೊಡ್ಡ ಕಾರಣ, ಮನೆಯವರೇ ಅದಕ್ಕೆ ದಾರಿ ಮಾಡಿಕೊಡುತ್ತಾರೆ. ಪಾಪ, ನೋಯುತ್ತದೆ ಎಂದು ಮಂಡಿ ಅಡಿಗೆ ದಿಂಬು ಇಡುತ್ತಾರೆ. ಹಾಯೆನಿಸುತ್ತದೆ, ಆದರೆ ಆ ಬಾಗಿದ ಸ್ಥಿತಿಯಲ್ಲೇ ಹಿಂಭಾಗ ಬಿಗಿದುಕೊಳ್ಳುತ್ತದೆ. ಹತ್ತು ಹದಿನೈದು ಡಿಗ್ರಿ ಬಾಗಿದ ಕಾಲಿನ ಮೇಲೆ ನಿಂತರೆ ತೊಡೆಯ ಸ್ನಾಯುವಿಗೆ ಒಂದು ಕ್ಷಣವೂ ಬಿಡುವಿಲ್ಲ. ಸಂಜೆಯಾದರೆ ಮುಂಭಾಗ ಸಿಡಿಯುವುದು ಇದರಿಂದ. ದಿಂಬನ್ನು ಹಿಮ್ಮಡಿಯ ಅಡಿಗೆ ಸರಿಸಿ. ಟವೆಲನ್ನು ನಾಲ್ಕೈದು ಇಂಚು ದಪ್ಪಕ್ಕೆ ಸುತ್ತಿ ಹಿಮ್ಮಡಿ ಅದರ ಮೇಲಿಟ್ಟರೆ ಮಂಡಿಯ ಹಿಂಭಾಗ ಗಾಳಿಯಲ್ಲಿ ತೂಗುತ್ತದೆ. 5ರಿಂದ 10 ನಿಮಿಷ, ದಿನಕ್ಕೆ ಮೂರು ಸಲ. ಹಾಗೇ ಇದ್ದು ತೊಡೆ ಬಿಗಿ ಹಿಡಿದು ಮಂಡಿಯನ್ನು ಕೆಳಕ್ಕೆ ಒತ್ತಿ, ಐದು ಎಣಿಸಿ ಬಿಡಿ, ಹತ್ತು ಸಲ. ಮಡಚಲು ಹಿಮ್ಮಡಿಯ ಕೆಳಗೆ ಪ್ಲಾಸ್ಟಿಕ್ ಕವರ್ ಹಾಕಿ ಹಾಸಿಗೆಯ ಮೇಲೆ ಜಾರಿಸಿ. ಮೆಟ್ಟಿಲಿಳಿಯಲು 90ರಿಂದ 100 ಡಿಗ್ರಿ ಮಡಚಬೇಕು, ತಗ್ಗಾದ ಆಸನದಿಂದ ಏಳಲು ಇನ್ನೂ ಸ್ವಲ್ಪ ಹೆಚ್ಚು. ವಾರಕ್ಕೊಮ್ಮೆ ಪಕ್ಕದಿಂದ ಫೋಟೋ ತೆಗೆದರೆ ಪ್ರಗತಿ ಕಣ್ಣಿಗೆ ಕಾಣುತ್ತದೆ. ಎರಡು ತಿಂಗಳಾದರೂ 90 ದಾಟದಿದ್ದರೆ ಸರ್ಜನ್ ಹತ್ತಿರ ತಡಮಾಡದೆ ಹೋಗಿ. ಅರಿವಳಿಕೆ ಕೊಟ್ಟು ಮಡಚಿಸುವ ಉಪಾಯ ಮೊದಲ 12 ವಾರದೊಳಗೆ ಫಲಿಸುವಷ್ಟು ಆಮೇಲೆ ಫಲಿಸುವುದಿಲ್ಲ.

ಮಾತ್ರೆಯ ವಿಷಯದಲ್ಲಿ ಸ್ಟ್ರಿಪ್ಪಿನ ಹಿಂಬದಿ ಓದುವ ಅಭ್ಯಾಸ ಬೇಕು. ಡೋಲೋ 650ರಲ್ಲಿ 650 ಮಿಲಿಗ್ರಾಂ ಪ್ಯಾರಾಸಿಟಮಾಲ್. ಜೆರೋಡಾಲ್-ಪಿಯಲ್ಲಿ ಅಸೆಕ್ಲೋಫೆನಾಕ್ ಜೊತೆ 325 ಪ್ಯಾರಾಸಿಟಮಾಲ್. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಜೊತೆ ಮತ್ತೆ 325. ಡೋಲೋ ದಿನಕ್ಕೆ ಮೂರು, ಜೆರೋಡಾಲ್-ಪಿ ಎರಡು ನುಂಗಿದರೆ 2600 ಆಯಿತು. ಶೀತ ಜ್ವರವೆಂದು ಇನ್ನೊಂದು ಡೋಲೋ ಸೇರಿದರೆ 3250. ವಯಸ್ಸಾದವರಿಗೆ, ತೂಕ ಕಡಿಮೆ ಇರುವವರಿಗೆ ಡಾಕ್ಟರುಗಳು ಸಾಮಾನ್ಯವಾಗಿ ದಿನಕ್ಕೆ 3000ದ ಒಳಗೇ ಇರಲಿ ಎನ್ನುತ್ತಾರೆ. ಜೆರೋಡಾಲ್ ಮತ್ತು ಕಾಂಬಿಫ್ಲಾಮ್ ಒಟ್ಟಿಗೆ ಬೇಡವೇ ಬೇಡ. ಎರಡೂ ಒಂದೇ ಗುಂಪಿನ ಔಷಧ, ನೋವು ದುಪ್ಪಟ್ಟು ಇಳಿಯುವುದಿಲ್ಲ, ಹೊಟ್ಟೆಯಲ್ಲಿ ಹುಣ್ಣಾಗುವ ಅಪಾಯ ಮಾತ್ರ ಏರುತ್ತದೆ. ಬಿಪಿಗೆ ಟೆಲ್ಮಿಸಾರ್ಟನ್, ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುವವರು ಈ ಗುಂಪಿನ ಔಷಧ ಸೇರಿಸಿದರೆ ಕಿಡ್ನಿಗೆ ಮೂರು ಕಡೆಯಿಂದ ಪೆಟ್ಟು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳು ಮಾಡುವ ಮಾತ್ರೆಯಲ್ಲಿರುವವರೂ ಕೇಳದೆ ಮುಟ್ಟಬಾರದು. ಊರಿಂದ ಯಾರೋ ತಂದುಕೊಟ್ಟ ಲೇಬಲ್ಲಿಲ್ಲದ ಪುಡಿಯಿಂದ ಎರಡೇ ದಿನದಲ್ಲಿ ನೋವು ಮಾಯವಾದರೆ ಸಂತೋಷಪಡಬೇಡಿ. ಅಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ಸಿಕ್ಕಿದೆ. ಅದು ಶುಗರ್ ಏರಿಸುತ್ತದೆ, ಸೋಂಕಿಗೆ ಬಾಗಿಲು ತೆರೆಯುತ್ತದೆ.

ಉರಿ, ಕರೆಂಟ್ ಹೊಡೆದಂಥ ಸೆಳೆತ, ಹೊದಿಕೆ ತಾಗಿದರೂ ತಡೆಯಲಾಗದಿರುವುದು, ಇವೆಲ್ಲ ನರದ ನೋವಿನ ಗುರುತು. ಮೇಲಿನ ಮಾತ್ರೆಗಳು ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಪ್ರಿಗ್ಯಾಬಲಿನ್, ಡುಲಾಕ್ಸೆಟಿನ್‌ನಂಥವು ಬೇಕಾಗುತ್ತವೆ, ಅದೂ ಚೀಟಿಯ ಮೇಲೆ. ಪ್ರಿಗ್ಯಾಬಲಿನ್ ಸಾಮಾನ್ಯವಾಗಿ ರಾತ್ರಿ, ಸಣ್ಣ ಡೋಸಿನಿಂದ ಶುರು. ತಲೆ ತಿರುಗಬಹುದು, ಆದ್ದರಿಂದ ರಾತ್ರಿ ಬಾತ್‌ರೂಮಿಗೆ ದೀಪ ಹಾಕಿಯೇ ಹೋಗಿ. ಅದರಿಂದ ಪಾದ ಊದುವುದೂ ಉಂಟು, ಮಂಡಿಯದೇ ಊತವೆಂದು ತಪ್ಪು ತಿಳಿಯುತ್ತಾರೆ. ಇದ್ದಕ್ಕಿದ್ದಂತೆ ನಿಲ್ಲಿಸಬಾರದು. ಮನೆಯಲ್ಲಿ ಮಾಡಬಹುದಾದದ್ದೆಂದರೆ ಚರ್ಮಕ್ಕೆ ಮುಟ್ಟಿಸಿಕೊಳ್ಳುವ ಅಭ್ಯಾಸ ಮಾಡಿಸುವುದು: ಗಾಯ ಪೂರ್ತಿ ಒಣಗಿದ ಮೇಲೆ ಮೊದಲು ಹತ್ತಿ, ಕೆಲವು ದಿನ ಬಿಟ್ಟು ಮೆತ್ತನೆ ಪಂಚೆ, ಆಮೇಲೆ ಒರಟು ಟವೆಲ್, ಪ್ರತಿ ಸಲ ಐದು ನಿಮಿಷ ಸವರಿ. ಯಾವುದಕ್ಕೂ ಬಗ್ಗದಿದ್ದರೆ ಮಂಡಿಯ ಸುತ್ತಲಿನ ನೋವಿನ ನರಗಳನ್ನು ಸೂಜಿಯಿಂದ ಬಿಸಿಮಾಡಿ ಮಂಕಾಗಿಸುವ ವಿಧಾನ ಪೇನ್ ಕ್ಲಿನಿಕ್‌ಗಳಲ್ಲಿದೆ. ದೊಡ್ಡ ಆಸ್ಪತ್ರೆಗಳಲ್ಲಿ ಅರಿವಳಿಕೆ ವಿಭಾಗದಲ್ಲಿ ವಿಚಾರಿಸಿ. ಬದಲಾಯಿಸಿದ ಕೀಲಿನೊಳಕ್ಕೆ ಸ್ಟಿರಾಯ್ಡ್ ಚುಚ್ಚಿಸಿಕೊಳ್ಳುವುದು ಬೇರೆ ಮಾತು, ಸೋಂಕಿನ ಭಯದಿಂದ ಹೆಚ್ಚಿನ ಸರ್ಜನ್‌ಗಳು ಅದನ್ನು ಒಪ್ಪುವುದಿಲ್ಲ.

ಮುಂಬಯಿಯಲ್ಲಿ ಮಂಡಿಗೆ ನಿಜವಾದ ಪರೀಕ್ಷೆ ಸ್ಟೇಷನ್ನಿನ ಬ್ರಿಜ್. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು, ಕೋಲು ಆಪರೇಷನ್ ಆಗದ ಬದಿಯ ಕೈಯಲ್ಲಿ. ಟ್ರೇನ್ ಬಂದ ಕೂಡಲೇ ಜನ ಮೆಟ್ಟಿಲಿಗೆ ನುಗ್ಗುತ್ತಾರೆ. ಎರಡು ನಿಮಿಷ ಬೆಂಚಿನಲ್ಲಿ ಕೂತು, ಕಟಕಟೆ ಬದಿ ಖಾಲಿಯಾದ ಮೇಲೆ ಹೊರಡಿ. ಲಿಫ್ಟ್ ಇರುವ ತುದಿ ಯಾವುದೆಂದು ನೋಡಿಕೊಂಡು ಆ ಡಬ್ಬಿಗೇ ಹತ್ತಿ. ರಿಕ್ಷಾದಲ್ಲಿ ಮೊದಲು ಕೂತು, ಆಮೇಲೆ ಕಾಲು ಒಳಗೆ ಎಳೆದುಕೊಳ್ಳಿ. ಊರಿಗೆ ಮತ್ಸ್ಯಗಂಧ ರೈಲಿನಲ್ಲಿ ಹೋಗುವವರು ಲೋವರ್ ಬರ್ತ್ ಕೋಟಾ ಬಿಡಬೇಡಿ, ಗಂಡಸರಿಗೆ 60, ಹೆಂಗಸರಿಗೆ 45 ದಾಟಿದರೆ ಸಿಗುತ್ತದೆ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಮಳೆಗಾಲದಲ್ಲಿ ನೋವು ಜಾಸ್ತಿ ಎನ್ನುವವರಲ್ಲಿ ಹಲವರು ಆ ನಾಲ್ಕು ತಿಂಗಳು ಹೊರಗೆ ನಡೆಯುವುದನ್ನೇ ಬಿಟ್ಟಿರುತ್ತಾರೆ, ಬಿಗಿತಕ್ಕೆ ಅದೇ ಸಾಕು. ಕಟ್ಟಡದ ಪ್ಯಾಸೇಜಿನಲ್ಲೇ ನಡೆಯಿರಿ, ಒದ್ದೆ ಟೈಲ್ಸ್ ಇಲ್ಲದ ಹೊತ್ತು ನೋಡಿಕೊಂಡು. ಮೆಟ್ಟುಕತ್ತಿ, ಕಾಯಿ ತುರಿಯುವ ಮಣೆ ಅಟ್ಟ ಸೇರಲಿ; ಕಟ್ಟೆಗೆ ಕಚ್ಚಿಸುವ ತುರಿಮಣೆ ಬಂದಿದೆ.

ಎಷ್ಟು ನಡೆಯಬೇಕು ಎಂಬುದಕ್ಕೂ ಲೆಕ್ಕವಿದೆ. ನೋವಿಲ್ಲದ ದಿನ ಇಡೀ ಮನೆ ಒರೆಸಿ, ಮಾರನೆಯ ಎರಡು ದಿನ ಹಾಸಿಗೆ ಹಿಡಿಯುವುದು ಎಲ್ಲರೂ ಮಾಡುವ ಕೆಲಸ. ಮರುದಿನ ನೋವು ಏರದಂತೆ ಎಷ್ಟು ನಿಮಿಷ ನಡೆಯಬಹುದೋ ಅಷ್ಟನ್ನು ಒಳ್ಳೆಯ ದಿನವೂ, ಕೆಟ್ಟ ದಿನವೂ ನಡೆಯಿರಿ. ವಾರಕ್ಕೆ ಒಂದೆರಡು ನಿಮಿಷ ಮಾತ್ರ ಏರಿಸಿ. ವ್ಯಾಯಾಮದ ಹೊತ್ತಿನಲ್ಲಿ ಹತ್ತಕ್ಕೆ ಮೂರ್ನಾಲ್ಕರಷ್ಟು ನೋವಾದರೆ ಪರವಾಗಿಲ್ಲ, 24 ಗಂಟೆಯಾದರೂ ಇಳಿಯದಿದ್ದರೆ ಪ್ರಮಾಣ ಹೆಚ್ಚಾಯಿತೆಂದು ತಿಳಿಯಿರಿ. ಆಮೇಲೆ ಐಸು, ಬಟ್ಟೆಯಲ್ಲಿ ಸುತ್ತಿ 15 ನಿಮಿಷ. ನಿದ್ದೆಗೆಟ್ಟರೆ ಅದೇ ನೋವು ಮರುದಿನ ಹೆಚ್ಚು ಅನಿಸುತ್ತದೆ, ಆದ್ದರಿಂದ ನಿದ್ದೆಯ ತೊಂದರೆಯನ್ನೂ ಡಾಕ್ಟರಿಗೆ ಹೇಳಿ.

ಎಲ್ಲ ನೋಡಿಯೂ ಕಾರಣ ಸಿಗದಿದ್ದಾಗ "ತೆಗೆದು ಬೇರೆ ಹಾಕೋಣ" ಎಂಬ ಸಲಹೆ ಬರಬಹುದು. ಸಡಿಲ, ಸೋಂಕು, ತಪ್ಪು ಕೋನ, ಹುರಿಯ ಸಡಿಲ ಹೀಗೆ ಹೆಸರಿಡಬಹುದಾದ ಕಾರಣವಿದ್ದರೆ ಎರಡನೇ ಆಪರೇಷನ್ನಿಗೆ ಅರ್ಥವಿದೆ. ಬರೀ ನೋವಿಗಾಗಿ ಮಾಡಿದ ಇಂಥ ಮರು ಆಪರೇಷನ್ನಿನ (ರಿವಿಷನ್) ಫಲಿತಾಂಶ ಕಳಪೆ, ಕೆಲವರಿಗೆ ನೋವು ಇನ್ನೂ ಹೆಚ್ಚುತ್ತದೆ. "ಯಾವ ಕಾರಣಕ್ಕೆ?" ಎಂದು ಕೇಳಿ, ಉತ್ತರವನ್ನು ಕಾಗದದಲ್ಲಿ ಬರೆಸಿಕೊಳ್ಳಿ, ಆಮೇಲೆ ಇನ್ನೊಬ್ಬ ಸರ್ಜನ್‌ಗೆ ತೋರಿಸಿ.

ಕಾಯಲೇಬಾರದ ಸಂದರ್ಭಗಳೂ ಇವೆ. ಗಾಯದಿಂದ ನೀರು ಅಥವಾ ಕೀವು, ಚಳಿಜ್ವರದ ಜೊತೆ ಮಂಡಿ ಕೆಂಪಾಗಿ ಬಿಸಿಯೇರುವುದು, ವರ್ಷಗಳ ಮೇಲೂ ಇದ್ದಕ್ಕಿದ್ದಂತೆ ಊದಿ ಕಾಲೂರಲಾಗದಿರುವುದು. ಶುಗರ್ ಇರುವವರಿಗೆ ಪಾದದ ಹುಣ್ಣಿನಿಂದಲೂ ಸೋಂಕು ರಕ್ತದ ಮೂಲಕ ಇಂಪ್ಲಾಂಟಿಗೆ ಇಳಿಯಬಹುದು. ಇಂಥದ್ದಕ್ಕೆ ಆಪರೇಷನ್ ಮಾಡಿದ ಸರ್ಜನ್‌ಗೆ ಅದೇ ದಿನ ಫೋನ್ ಮಾಡಿ, ಜ್ವರ ಜೋರಾಗಿದ್ದು ಮಂಕು ಕವಿದರೆ ನೇರ ಕ್ಯಾಜುವಲ್ಟಿಗೆ. ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು ರಕ್ತ ಹೆಪ್ಪುಗಟ್ಟಿದ ಲಕ್ಷಣ. ಅದಕ್ಕೆ ಫೋನಿನ ಸಮಯವೂ ಇಲ್ಲ, ಹತ್ತಿರದ ಆಸ್ಪತ್ರೆಗೆ ಹೋಗಿ.