ಅಪ್‌ಡೇಟ್ ಆಯ್ತು, ಸರ್ವರ್ ರೀಬೂಟ್ ಮಾಡಬೇಕಾ?

ಲಿನಕ್ಸ್ ಸರ್ವರಿನಲ್ಲಿ ಪ್ಯಾಕೇಜುಗಳನ್ನು ಹೊಸದು ಮಾಡುವ 'ಆಪ್ಟ್ ಅಪ್‌ಗ್ರೇಡ್' ಮುಗಿದು ಪ್ರಾಂಪ್ಟ್ ವಾಪಸ್ ಬಂದರೆ ಬದಲಾಗಿರುವುದು ಡಿಸ್ಕಿನಲ್ಲಿರುವ ಫೈಲುಗಳು ಮಾತ್ರ. ಮೊದಲೇ ಮೆಮರಿಗೆ ಹತ್ತಿದ್ದ ಹಳೆಯ ಕೋಡ್, ಆ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ನಿಲ್ಲುವವರೆಗೂ ಓಡುತ್ತಲೇ ಇರುತ್ತದೆ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ತೂತು ಬಯಲಾದಾಗಲೂ ಇದೇ ಪಾಡು: ಎನ್‌ಕ್ರಿಪ್ಷನ್ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನ ಪ್ಯಾಕೇಜ್ ಹೊಸದು ಹಾಕಿದ್ದರೂ ವೆಬ್ ಸರ್ವರ್ ರೀಸ್ಟಾರ್ಟ್ ಮಾಡುವ ತನಕ ತೂತು ಮುಚ್ಚುತ್ತಿರಲಿಲ್ಲ.

ಮೊದಲು ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ನೋಡಿ. 'ಯುನೇಮ್ -ಆರ್' ಕೊಟ್ಟರೆ 5.15.0-91 ಎಂದು ಬರುತ್ತಿದೆ, ಬೂಟ್ ಫೋಲ್ಡರಿನಲ್ಲಿ 5.15.0-94 ಕೂತಿದೆ ಎಂದರೆ ರೀಬೂಟ್ ಬಾಕಿ ಇದೆ. ಡೆಬಿಯನ್‌ನಲ್ಲಿ ಇಲ್ಲೊಂದು ಮೋಸ ಹೋಗುವ ಜಾಗವಿದೆ. ಅಲ್ಲಿ ಕರ್ನಲ್ ಪ್ಯಾಚ್ ಆದರೂ ಕೆಲವೊಮ್ಮೆ 'ಯುನೇಮ್ -ಆರ್' ತೋರಿಸುವ ಹೆಸರು ಹಾಗೇ ಉಳಿಯುತ್ತದೆ. 'ಯುನೇಮ್ -ವಿ' ಕೊಟ್ಟು, ಅದರಲ್ಲಿ ಕಾಣುವ ಪ್ಯಾಕೇಜ್ ವರ್ಷನ್ನನ್ನೇ ಹೊಸದಾಗಿ ಹಾಕಿದ ಕರ್ನಲ್ ಪ್ಯಾಕೇಜಿನ ವರ್ಷನ್ ಜೊತೆ ಹೋಲಿಸಬೇಕು. ಸಿಪಿಯು ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಕೋಡ್) ಕೂಡ ಸಾಮಾನ್ಯವಾಗಿ ಬೂಟ್ ಹೊತ್ತಿನಲ್ಲೇ ಲೋಡ್ ಆಗುವುದರಿಂದ ಅದಕ್ಕೂ ರೀಬೂಟ್ ಬೇಕು.

ರೀಬೂಟ್ ಬೇಕಿದ್ದರೆ ಉಬುಂಟುವಿನಲ್ಲಿ ವರ್ ಒಳಗಿನ ರನ್ ಫೋಲ್ಡರಿನಲ್ಲಿ 'ರೀಬೂಟ್-ರಿಕ್ವೈರ್ಡ್' ಎಂಬ ಫೈಲು ಹುಟ್ಟಿಕೊಳ್ಳುತ್ತದೆ. ಅದರ ಪಕ್ಕದಲ್ಲೇ ಇರುವ, ಕೊನೆಗೆ ಪಿಕೆಜಿಎಸ್ ಎಂದಿರುವ ಫೈಲಿನಲ್ಲಿ ಯಾವ ಪ್ಯಾಕೇಜ್ ರೀಬೂಟ್ ಕೇಳಿದೆ ಎಂದು ಬರೆದಿರುತ್ತದೆ. ರೆಡ್ ಹ್ಯಾಟ್ ಕಡೆ 'ನೀಡ್ಸ್-ರೀಸ್ಟಾರ್ಟಿಂಗ್ -ಆರ್' ಓಡಿಸಿ. ಎಕ್ಸಿಟ್ ಕೋಡ್ 1 ಬಂದರೆ ರೀಬೂಟ್ ಬೇಕು, 0 ಬಂದರೆ ಬೇಡ. ಆದರೆ ಉಬುಂಟುವಿನಲ್ಲಿ 'ರೀಬೂಟ್-ರಿಕ್ವೈರ್ಡ್' ಫೈಲು ಕಾಣಲಿಲ್ಲ ಎಂದು ನಿಶ್ಚಿಂತೆಯಿಂದ ಇರಬೇಡಿ. ಲೈಬ್ರರಿ (ಹಲವು ಪ್ರೋಗ್ರಾಮುಗಳು ಹಂಚಿಕೊಳ್ಳುವ ಕೋಡ್) ಅಪ್‌ಡೇಟ್ ಆದಾಗ ಎಷ್ಟೋ ಸಲ ಆ ಫೈಲು ಹುಟ್ಟುವುದೇ ಇಲ್ಲ.

ಲೈಬ್ರರಿ ವಿಷಯ ಕಣ್ಣಾರೆ ನೋಡಬೇಕೆಂದರೆ ಪ್ರಾಕ್ ಒಳಗೆ ಆ ಪ್ರೋಸೆಸ್‌ನ ಪಿಐಡಿ (ಪ್ರೋಸೆಸ್ ಸಂಖ್ಯೆ) ಹೆಸರಿನ ಫೋಲ್ಡರಿಗೆ ಹೋಗಿ 'ಮ್ಯಾಪ್ಸ್' ಫೈಲು ತೆರೆಯಿರಿ. ಓಪನ್‌ಎಸ್‌ಎಸ್‌ಎಲ್‌ನ ಲೈಬ್ರರಿ ಫೈಲಾದ ಲಿಬ್‌ಎಸ್‌ಎಸ್‌ಎಲ್ ಇರುವ ಸಾಲಿನ ಕೊನೆಯಲ್ಲಿ 'ಡಿಲೀಟೆಡ್' ಎಂದಿದ್ದರೆ, ಡಿಸ್ಕಿನಿಂದ ಅಳಿಸಿಹೋದ ಹಳೆಯ ಲೈಬ್ರರಿಯನ್ನೇ ಆ ಸರ್ವೀಸ್ ಇನ್ನೂ ಹಿಡಿದುಕೊಂಡಿದೆ. ಒಂದೊಂದಾಗಿ ಹುಡುಕುವ ಬದಲು 'ನೀಡ್‌ರೀಸ್ಟಾರ್ಟ್ -ಆರ್ ಎಲ್' ಕೊಟ್ಟರೆ ಏನನ್ನೂ ಮುಟ್ಟದೆ ಇಡೀ ಪಟ್ಟಿ ತೋರಿಸುತ್ತದೆ. ವೆಬ್ ಸರ್ವರ್ ಎನ್‌ಜಿನ್‌ಎಕ್ಸ್, ಮೇಲ್ ಸರ್ವರ್ ಪೋಸ್ಟ್‌ಫಿಕ್ಸ್ ಥರದವು ಪಟ್ಟಿಯಲ್ಲಿದ್ದರೆ ಅವನ್ನಷ್ಟೇ ರೀಸ್ಟಾರ್ಟ್ ಮಾಡಿ. ಇಡೀ ಮಷೀನ್ ಕೆಡವುವ ಅಗತ್ಯವಿಲ್ಲ. ಸಿಸ್ಟಮ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿ ಬದಲಾದರೆ ಮಾತು ಬೇರೆ, ಹೆಚ್ಚುಕಡಿಮೆ ಎಲ್ಲ ಪ್ರೋಸೆಸ್‌ಗಳೂ ಅದನ್ನೇ ಹಿಡಿದಿರುತ್ತವೆ. ಓಡುತ್ತಿರುವ ಮಷೀನಿನಲ್ಲಿ ಪ್ರೋಗ್ರಾಮುಗಳು ಒಂದಕ್ಕೊಂದು ಸಂದೇಶ ಕಳಿಸಲು ಬಳಸುವ ಡಿ-ಬಸ್ ರೀಸ್ಟಾರ್ಟ್ ಮಾಡಿದರೆ ಲಾಗಿನ್ ಸೆಷನ್‌ಗಳೇ ಕೆಡಬಹುದು. ಇವೆರಡಕ್ಕೂ ರೀಬೂಟೇ ಸರಿ.

ರೀಬೂಟ್ ಇಲ್ಲದೆ ಓಡುತ್ತಿರುವ ಕರ್ನಲ್ಲಿಗೇ ತೇಪೆ ಹಾಕುವ ಲೈವ್‌ಪ್ಯಾಚ್ ಇದೆಯಲ್ಲ ಎಂದು ರೀಬೂಟನ್ನು ತಿಂಗಳುಗಟ್ಟಲೆ ಮುಂದೂಡುವುದನ್ನು ನಾನು ಒಪ್ಪುವುದಿಲ್ಲ. ಅದು ಕರ್ನಲ್‌ನ ಕೆಲವು ಗಂಭೀರ ತೂತುಗಳನ್ನಷ್ಟೇ ಮುಚ್ಚುತ್ತದೆ, ಲೈಬ್ರರಿಗಳ ಗೊಡವೆಗೆ ಹೋಗುವುದಿಲ್ಲ. ಮೇಲಾಗಿ ವರ್ಷಗಟ್ಟಲೆ ರೀಬೂಟ್ ಕಾಣದ ಸರ್ವರ್ ಮತ್ತೆ ಸರಿಯಾಗಿ ಏಳುತ್ತದೆ ಎಂದು ಯಾರೂ ಹೇಳಲಾರರು.

ಏಳದೇ ಇರುವುದಕ್ಕೆ ಕಾರಣಗಳು ಬಹುಪಾಲು ಮೊದಲೇ ಕಾಣುವಂಥವು. ಬೂಟ್ ಪಾರ್ಟಿಷನ್ ತುಂಬಿದ್ದರೆ ಹೊಸ ಕರ್ನಲ್‌ನ ಇನಿಟ್‌ರ‍್ಯಾಮ್‌ಎಫ್‌ಎಸ್ (ಬೂಟ್ ಶುರುವಿನಲ್ಲಿ ಬೇಕಾಗುವ ಫೈಲುಗಳ ಕಟ್ಟು) ಅರ್ಧಕ್ಕೇ ನಿಂತಿರುತ್ತದೆ. 'ಡಿಎಫ್ -ಎಚ್' ನೋಡಿ, 'ಆಟೋರಿಮೂವ್' ಮಾಡಿ ಹಳೆಯ ಕರ್ನಲ್‌ಗಳನ್ನು ತೆಗೆಯಿರಿ. ಎನ್‌ವಿಡಿಯಾ ಡ್ರೈವರನ್ನು ಡಿಕೆಎಂಎಸ್ (ಪ್ರತಿ ಹೊಸ ಕರ್ನಲ್‌ಗೂ ಡ್ರೈವರ್ ಮತ್ತೆ ಕಟ್ಟುವ ಸಾಧನ) ಮೂಲಕ ಹಾಕಿದ್ದರೆ, 'ಡಿಕೆಎಂಎಸ್ ಸ್ಟೇಟಸ್'ನಲ್ಲಿ ಹೊಸ ಕರ್ನಲ್ ಎದುರು 'ಇನ್‌ಸ್ಟಾಲ್ಡ್' ಎಂದಿರಬೇಕು. ಬೂಟ್ ಹೊತ್ತಿನಲ್ಲಿ ಜೋಡಿಸಬೇಕಾದ ಡಿಸ್ಕುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಯಾವತ್ತೋ ತೆಗೆದ ಡಿಸ್ಕಿನ ಸಾಲು ಉಳಿದಿದ್ದರೆ ಮಷೀನ್ ಎಮರ್ಜೆನ್ಸಿ ಮೋಡಿಗೆ ಬೀಳುತ್ತದೆ; 'ಫೈಂಡ್‌ಎಂಎನ್‌ಟಿ --ವೆರಿಫೈ' ಅದನ್ನು ಹಿಡಿದುಕೊಡುತ್ತದೆ.

ಎದ್ದ ಮೇಲೆ ಮತ್ತೊಮ್ಮೆ 'ಯುನೇಮ್', ಜೊತೆಗೆ ಕೆಟ್ಟುನಿಂತ ಸರ್ವೀಸ್‌ಗಳ ಪಟ್ಟಿ ಕೊಡುವ 'ಸಿಸ್ಟಮ್‌ಸಿಟಿಎಲ್ --ಫೇಲ್ಡ್' ಓಡಿಸಿ. ಕೈಯಲ್ಲಿ ಶುರು ಮಾಡಿ, ಎನೇಬಲ್ ಮಾಡಲು (ಬೂಟ್ ಆದಾಗ ತಾನೇ ಶುರುವಾಗುವಂತೆ ಮಾಡಲು) ಮರೆತ ಸರ್ವೀಸ್ ಮಾತ್ರ ಆ ಪಟ್ಟಿಗೆ ಬರುವುದಿಲ್ಲ. ಹಾಗಾಗಿ ಓಡುತ್ತಿರುವ ಸರ್ವೀಸ್‌ಗಳ ಪಟ್ಟಿಯನ್ನು ರೀಬೂಟ್‌ಗೆ ಮುಂಚೆಯೇ ಒಂದು ಫೈಲಿಗೆ ಉಳಿಸಿಕೊಂಡು, ಆಮೇಲಿನ ಪಟ್ಟಿಯ ಜೊತೆ 'ಡಿಫ್' ಹಾಕಿ ವ್ಯತ್ಯಾಸ ನೋಡಿ.