ಹಳೆಯ ಮಾರುತಿಗೆ ಹೊಸ ಮುಂಗಾಜು

ನೆಲಮಂಗಲ ದಾಟಿ ತುಮಕೂರಿನ ಕಡೆಗೆ ಹೋಗುತ್ತಿದ್ದಾಗ ಟಿಪ್ಪರ್‌ನಿಂದ ಸಿಡಿದ ಜಲ್ಲಿಕಲ್ಲೊಂದು ನನ್ನ 2006ರ ಮಾರುತಿ 800 ಕಾರಿನ ಮುಂದಿನ ಗಾಜಿಗೆ ಬಡಿದು ಕಡಲೆಕಾಳಿನಷ್ಟು ಗುರುತು ಮಾಡಿತು. ಅದೇ ವಾರ ಅಂಗಡಿಗೆ ಒಯ್ದು ರಾಳ ತುಂಬಿಸಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತೇನೋ. ನಾನು ತಿಂಗಳು ತಡಮಾಡಿದೆ. ಒಂದು ಮಧ್ಯಾಹ್ನ ಬಿಸಿಲಿಗೆ ಕಾದಿದ್ದ ಗಾಜಿನ ಮೇಲೆ ತಣ್ಣೀರು ಎರಚಿದ್ದೇ ತಡ, ಬಿರುಕು ನನ್ನ ಕಣ್ಣಿನ ನೇರಕ್ಕೆ ಗೇಣುದ್ದ ಹರಿಯಿತು.

ಹಳೆಯ ಕಾರೆಂದು, ಇತರರಿಗಾದ ಹಾನಿಯನ್ನು ಮಾತ್ರ ಭರಿಸುವ ಥರ್ಡ್ ಪಾರ್ಟಿ ವಿಮೆಯನ್ನಷ್ಟೇ ಕಟ್ಟುತ್ತಿದ್ದುದರಿಂದ ಅಲ್ಲಿಂದ ಬಿಡಿಗಾಸೂ ಬರುವಂತಿರಲಿಲ್ಲ. ಇಂಥ ಸಣ್ಣ ಕಾರಿಗೆ ಪೂರ್ಣ ವಿಮೆ ಇದ್ದವರೂ ಕಡ್ಡಾಯವಾಗಿ ತಾವೇ ಭರಿಸಬೇಕಾದ 1,000 ರೂಪಾಯಿಯನ್ನೂ, ಕೈತಪ್ಪುವ ನೋ ಕ್ಲೇಮ್ ಬೋನಸ್ಸನ್ನೂ (ಪರಿಹಾರ ಕೇಳದಿದ್ದರೆ ಕಂತಿನಲ್ಲಿ ಸಿಗುವ ರಿಯಾಯಿತಿ) ಕೂಡಿಸಿ ನೋಡಿದರೆ, ಇಂಥ ಅಗ್ಗದ ಗಾಜಿಗೆ ಕೈಯಿಂದ ಕೊಡುವುದೇ ಮೇಲೆನಿಸೀತು.

ಈಗಿನ ಕಾರುಗಳ ಗಾಜನ್ನು ಪಾಲಿಯುರೆಥೇನ್ ಅಂಟಿನಿಂದ ಕೂಡಿಸಿರುತ್ತಾರೆ. 800ರ ಗಾಜು ರಬ್ಬರ್ ಬೀಡಿಂಗ್‌ನಲ್ಲಿ, ಎಂದರೆ ಅಂಚಿನ ಸುತ್ತಲಿನ ಪಟ್ಟಿಯಲ್ಲಿ, ಕುಳಿತಿರುವುದರಿಂದ ಒಡೆಯದೆ ಹೊರಬರುತ್ತದೆ. ಹೀಗಾಗಿ ಗುಜರಿಯಲ್ಲೂ ಇಡೀ ಗಾಜು ಸಿಗುತ್ತದೆ. ನಾನೂ ಒಂದನ್ನು ನೋಡಿದೆ, ಆದರೆ ವೈಪರ್ ಉಜ್ಜಿದ ಗೀರುಗಳು ರಾತ್ರಿ ಎದುರಿನ ದೀಪಕ್ಕೆ ಜಾಲದಂತೆ ಹೊಳೆಯುತ್ತವೆ ಎಂದು ಬಿಟ್ಟುಬಂದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸದೇ ಸಿಕ್ಕಿತು. ಮೂಲೆಯಲ್ಲಿ ಐಎಸ್‌ಐ ಗುರುತು ಮತ್ತು ‘ಲ್ಯಾಮಿನೇಟೆಡ್’ ಎಂಬ ಅಚ್ಚು ಇದೆಯೇ ಎಂದು ನೋಡಿಯೇ ಹಣ ಕೊಟ್ಟೆ: ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರವಿರುವ ಇಂಥದ್ದು ಒಡೆದರೂ ಚೂರುಗಳು ಮೈಮೇಲೆ ಉದುರುವುದಿಲ್ಲ.

ಗಾಜು ಹೊಸದಾದ ಮೇಲೆ ಬೀಡಿಂಗ್‌ನಲ್ಲಿ ಹಣ ಉಳಿಸಲು ಹೋಗಬಾರದು. ಹಳೆಯ ರಬ್ಬರ್ ಕಿತ್ತಾಗ ಕೆಳಗಿನ ಅಂಚಿನ ತಗಡು ಅಂಗೈಯಗಲ ತುಕ್ಕು ಹಿಡಿದಿತ್ತು. ಮಳೆಗಾಲದಲ್ಲಿ ಕಾಲಡಿಯ ಮ್ಯಾಟ್ ಏಕೆ ಒದ್ದೆಯಾಗುತ್ತಿತ್ತೆಂಬುದು ಆಗ ತಿಳಿಯಿತು. ಮೆಕ್ಯಾನಿಕ್ ಅದನ್ನು ಮರಳು ಕಾಗದದಿಂದ ಉಜ್ಜಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿದು, ಬಣ್ಣ ಹಚ್ಚಿ ಒಂದು ದಿನ ಒಣಗಲು ಬಿಟ್ಟರು. ಹುಳಿ ವಾಸನೆಯ ಸಾಧಾರಣ ಸಿಲಿಕೋನ್ ಅಂಟನ್ನು ಇಲ್ಲಿ ಮೆತ್ತಬಾರದು, ಅದರಿಂದ ಹೊಮ್ಮುವ ಆಮ್ಲವೇ ತಗಡನ್ನು ತಿನ್ನುತ್ತದೆ.

ಕೂರಿಸುವ ಕೆಲಸ ನೋಡುವಂತಿತ್ತು. ಗಾಜಿನ ಸುತ್ತ ಹೊಸ ರಬ್ಬರ್ ತೊಡಿಸಿ, ಅದರ ಹೊರ ಸಂದಿನೊಳಗೆ ತೆಳುವಾದ ಹಗ್ಗವನ್ನು ಸುತ್ತಲೂ ಹುದುಗಿಸಿ, ಸಾಬೂನು ನೀರು ಸವರಿ ಚೌಕಟ್ಟಿಗೆ ಒತ್ತಿದರು. ಬಳಿಕ ಒಳಗೆ ಕುಳಿತವರು ಹಗ್ಗವನ್ನು ನಿಧಾನವಾಗಿ ಎಳೆಯುತ್ತಾ ಹೋದಂತೆ, ಹೊರಗಿದ್ದ ಹುಡುಗ ಅಂಗೈಯಿಂದ ತಟ್ಟುತ್ತಾ ಹೋದಂತೆ, ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಗೆ ಕುಳಿತಿತು. ಕಾಲು ಗಂಟೆಯೂ ಹಿಡಿಯಲಿಲ್ಲ. ಆಮೇಲೆ ಪೈಪಿನಿಂದ ನೀರು ಬಿಡಿಸಿ, ಡ್ಯಾಶ್‌ಬೋರ್ಡಿನ ಕೆಳಗೆ ಕೈಯಾಡಿಸಿ ನೋಡಿದೆ, ಒಣಗಿಯೇ ಇತ್ತು.

ಮರೆತದ್ದು ಫಾಸ್ಟ್ಯಾಗ್. ಕಿತ್ತರೆ ಕೆಡುವಂತೆಯೇ ಮಾಡಿರುವ ಆ ಚೀಟಿ ಹಳೆಯ ಗಾಜಿನೊಂದಿಗೇ ಹೋಯಿತು. ಬ್ಯಾಂಕಿನಿಂದ ಬದಲಿ ಚೀಟಿ ಬರುವ ಮೊದಲೇ ಊರಿಗೆ ಹೊರಟು, ಟೋಲ್‌ನಲ್ಲಿ ಹೆಚ್ಚು ಹಣ ತೆತ್ತೆ.