ಆರ್‌ಒ ನೀರು, ನಲ್ಲಿ ನೀರು: ಅಕ್ವೇರಿಯಂಗೆ ಬೆರೆಸುವ ಲೆಕ್ಕ

ಆರ್‌ಒ ನೀರಿಗೆ (ಲವಣಗಳನ್ನು ಬಹುಪಾಲು ಸೋಸಿ ತೆಗೆದ ನೀರು) ನಲ್ಲಿ ನೀರು ಎಷ್ಟು ಬೆರೆಸಬೇಕು ಎಂದು ಕೇಳಿದರೆ ಥಟ್ಟನೆ ಸಿಗುವ ಉತ್ತರ ‘ಅರ್ಧಕ್ಕರ್ಧ’. ನಿಮ್ಮ ನಲ್ಲಿ ನೀರಿನ ಗಡಸುತನ ಎಷ್ಟೆಂದು ತಿಳಿಯದೆ ಹೇಳಿದ ಈ ಉತ್ತರವನ್ನು ನಂಬಬೇಡಿ. ಜಿಎಚ್ (ಗಡಸುತನದ ಅಳತೆ, ಡಿಗ್ರಿಗಳಲ್ಲಿ) 8 ಇರುವ ನೀರು ಅರ್ಧಕ್ಕರ್ಧ ಬೆರೆಸಿದಾಗ 4ಕ್ಕೆ ಇಳಿಯುತ್ತದೆ. 24 ಇರುವ ನೀರು 12ರಲ್ಲೇ ನಿಲ್ಲುತ್ತದೆ. ಮೊದಲನೆಯದು ನಿಯಾನ್ ಟೆಟ್ರಾಗಳಿಗೆ ಹೇಳಿ ಮಾಡಿಸಿದಂತಿರುತ್ತದೆ, ಎರಡನೆಯದು ಗಪ್ಪಿ, ಮೊಲಿಗಳಿಗೆ. ಅಂದಹಾಗೆ, ಗಪ್ಪಿ, ಮೊಲಿ ಸಾಕುವವರಿಗೆ ಸಾಮಾನ್ಯವಾಗಿ ಆರ್‌ಒ ನೀರಿನ ಗೊಡವೆಯೇ ಬೇಕಿಲ್ಲ. ಅವು ಗಡಸು ನೀರಿನಲ್ಲಿ ಚೆನ್ನಾಗಿರುತ್ತವೆ.

ಮೊದಲು ಅಳೆಯಬೇಕಾದ್ದು ಎರಡು. ಜಿಎಚ್ ಎಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟಿದೆ ಎಂಬುದು. ಕೆಎಚ್ ಎಂದರೆ ಪಿಎಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬ ಅಳತೆ) ಕುಸಿಯದಂತೆ ತಡೆಯುವ ಬೈಕಾರ್ಬೊನೇಟ್ ಎಷ್ಟಿದೆ ಎಂಬುದು. ಟಿಡಿಎಸ್ (ಕರಗಿರುವ ಒಟ್ಟು ಲವಣ) ಮೀಟರ್ ಇವೆರಡನ್ನೂ ಹೇಳುವುದಿಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದರ ಮೇಲೆ ಅದು ಅಂದಾಜು ಕಟ್ಟುತ್ತದೆ, ಕರಗಿರುವುದು ಕ್ಯಾಲ್ಸಿಯಮ್ಮೋ ಸೋಡಿಯಮ್ಮೋ ಅದಕ್ಕೆ ಗೊತ್ತಾಗುವುದಿಲ್ಲ. ವಾಟರ್ ಸಾಫ್ಟ್‌ನರ್ (ಕ್ಯಾಲ್ಸಿಯಂ ತೆಗೆದು ಸೋಡಿಯಂ ಸೇರಿಸುವ ಯಂತ್ರ) ದಾಟಿ ಬಂದ ನೀರಿನ ಟಿಡಿಎಸ್ 500 ಇದ್ದೂ ಜಿಎಚ್ ಸೊನ್ನೆಯ ಹತ್ತಿರ ಇರಬಹುದು. ಹಾಗಾಗಿ ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ಬೇಕೇ ಬೇಕು. ಕಾಗದದ ಪಟ್ಟಿಗಳು ಈ ಕೆಲಸಕ್ಕೆ ತೀರಾ ಒರಟು. ಸಾಮಾನ್ಯ ಕಿಟ್‌ಗಳಲ್ಲಿ 5 ಮಿಲಿ ನೀರಿಗೆ ಬಣ್ಣ ಬದಲಾಗುವವರೆಗೆ ಹಾಕಿದ ಒಂದೊಂದು ಹನಿಯೂ ಒಂದು ಡಿಗ್ರಿ. 10 ಮಿಲಿ ನೀರು ತೆಗೆದುಕೊಂಡರೆ ಒಂದು ಹನಿ ಅರ್ಧ ಡಿಗ್ರಿಯಾಗುತ್ತದೆ. ಮೆದು ನೀರನ್ನು ಅಳೆಯುವಾಗ ಹೀಗೇ ಮಾಡಿ.

ಇನ್ನು ಲೆಕ್ಕ. ನಲ್ಲಿ ನೀರಿನ ಜಿಎಚ್‌ನಿಂದ ನಿಮಗೆ ಬೇಕಾದ ಜಿಎಚ್ ಕಳೆಯಿರಿ. ನಲ್ಲಿ ನೀರಿನ ಜಿಎಚ್‌ನಿಂದ ಆರ್‌ಒ ನೀರಿನ ಜಿಎಚ್ ಕಳೆಯಿರಿ. ಮೊದಲ ಉತ್ತರವನ್ನು ಎರಡನೆಯದರಿಂದ ಭಾಗಿಸಿದರೆ ಮಿಶ್ರಣದಲ್ಲಿ ಆರ್‌ಒ ನೀರಿನ ಪಾಲು ಸಿಗುತ್ತದೆ. ನಲ್ಲಿ ನೀರು 18, ಆರ್‌ಒ 0, ಬೇಕಾದ್ದು 6 ಎಂದಿಟ್ಟುಕೊಳ್ಳಿ. 12ನ್ನು 18ರಿಂದ ಭಾಗಿಸಿದರೆ ಮೂರರಲ್ಲಿ ಎರಡು ಪಾಲು. ಅಂದರೆ 60 ಲೀಟರ್‌ಗೆ 40 ಲೀಟರ್ ಆರ್‌ಒ, 20 ಲೀಟರ್ ನಲ್ಲಿ ನೀರು. ಬೆರೆಸಿದ ಮೇಲೆ ಒಮ್ಮೆ ಕಿಟ್‌ನಲ್ಲಿ ಖಚಿತಪಡಿಸಿಕೊಂಡು, ಆ ಮಿಶ್ರಣದ ಟಿಡಿಎಸ್ ಬರೆದಿಟ್ಟುಕೊಳ್ಳಿ. ಮೀಟರ್ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ: ಮುಂದಿನ ಸಲ ಬೆರೆಸಿದಾಗ ಅದೇ ಅಂಕಿ ಬರದಿದ್ದರೆ ನಲ್ಲಿ ನೀರು ಬದಲಾಗಿದೆ, ಇಲ್ಲವೇ ಆರ್‌ಒ ಯಂತ್ರದ ಮೆಂಬ್ರೇನ್ (ಲವಣ ಸೋಸುವ ಪೊರೆ) ಸವೆದಿದೆ.

ಹೆಚ್ಚಿನವರು ಎಡವುವುದು ಕೆಎಚ್ ವಿಷಯದಲ್ಲಿ. ಜಿಎಚ್ ಯಾವ ಪ್ರಮಾಣದಲ್ಲಿ ಇಳಿಯುತ್ತದೋ ಕೆಎಚ್ ಕೂಡ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಮೇಲಿನ ಉದಾಹರಣೆಯಲ್ಲಿ ನಲ್ಲಿ ನೀರಿನ ಕೆಎಚ್ 12 ಇದ್ದರೆ ಮಿಶ್ರಣದಲ್ಲಿ 4 ಉಳಿಯುತ್ತದೆ, ಚಿಂತೆಯಿಲ್ಲ. ಆದರೆ ಅದು 4 ಇದ್ದರೆ ಉಳಿಯುವುದು ಬರೀ 1.3. ಫಿಲ್ಟರಿನ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ದಿನವೂ ಈ ಕೆಎಚ್ ಅನ್ನು ತಿನ್ನುತ್ತಾ ಹೋಗುತ್ತವೆ. ಅದು ಮುಗಿದ ದಿನ ಪಿಎಚ್ ಕುಸಿಯುತ್ತದೆ. 6ಕ್ಕಿಂತ ಕೆಳಗೆ ಹೋದರೆ ಆ ಬ್ಯಾಕ್ಟೀರಿಯಾಗಳ ಕೆಲಸವೂ ಬಹಳ ನಿಧಾನವಾಗಿ, ಅಮೋನಿಯಾ ಸೇರತೊಡಗುತ್ತದೆ. ಆಮ್ಲೀಯ ನೀರಿನಲ್ಲಿ ಅದು ಹೆಚ್ಚಾಗಿ ಅಮೋನಿಯಂ ರೂಪದಲ್ಲಿರುವುದರಿಂದ ಮೀನುಗಳು ಮೇಲ್ನೋಟಕ್ಕೆ ಚೆನ್ನಾಗಿಯೇ ಕಾಣುತ್ತವೆ. ಆಗ ಗಾಬರಿಯಾಗಿ ಕ್ಷಾರೀಯ ನಲ್ಲಿ ನೀರನ್ನು ಅರ್ಧ ಟ್ಯಾಂಕ್ ಸುರಿದರೆ, ಪಿಎಚ್ ಏರಿದೊಡನೆ ಅದೇ ಅಮೋನಿಯಂ ವಿಷಕಾರಿ ಅಮೋನಿಯಾ ಆಗಿ ಮೀನುಗಳು ಸಾಯುತ್ತವೆ.

ಹಲವು ಜಾತಿಯ ಮೀನುಗಳಿರುವ ಸಾಮಾನ್ಯ ಕಮ್ಯುನಿಟಿ ಟ್ಯಾಂಕಿನಲ್ಲಿ ಕೆಎಚ್ 3ಕ್ಕಿಂತ ಇಳಿಯದಂತೆ ನೋಡಿಕೊಳ್ಳಿ. ಕಡಿಮೆ ಬಿದ್ದರೆ ಅಡುಗೆ ಸೋಡಾ ಸಾಕು: 100 ಲೀಟರ್‌ಗೆ 3 ಗ್ರಾಂ ಹಾಕಿದರೆ ಕೆಎಚ್ ಒಂದು ಡಿಗ್ರಿ ಏರುತ್ತದೆ. ಚಮಚದ ಅಂದಾಜು ಬೇಡ, ತೂಕ ಮಾಡಿ, ಲೋಟದಲ್ಲಿ ಕರಗಿಸಿ, ಹೊಸ ನೀರಿಗೇ ಬೆರೆಸಿ.

ಪಿಎಚ್ ಅನ್ನು ಮಾತ್ರ ಸರಾಸರಿ ಹಾಕಿ ಲೆಕ್ಕ ಮಾಡಲು ಹೋಗಬೇಡಿ. ಆರ್‌ಒ ನೀರಿಗೆ ಪಿಎಚ್ ಹಿಡಿದಿಡುವ ಶಕ್ತಿಯೇ ಇಲ್ಲದ್ದರಿಂದ ಪೆನ್ ಮೀಟರಿನ ಅಂಕಿ ಒಂದೆಡೆ ನಿಲ್ಲದೆ ಓಲಾಡುತ್ತದೆ. ಮಿಶ್ರಣದ ಪಿಎಚ್ ನಿಲ್ಲುವುದು ಅದರ ಕೆಎಚ್ ಮತ್ತು ಕರಗಿದ ಇಂಗಾಲದ ಡೈಆಕ್ಸೈಡ್ ಮೇಲೆ. ಬೆರೆಸಿದ ನೀರಿಗೆ ಏರ್ ಸ್ಟೋನ್ (ಗಾಳಿಯ ಗುಳ್ಳೆ ಬಿಡುವ ಕಲ್ಲು) ಹಾಕಿ ಒಂದು ದಿನ ಬಿಟ್ಟು ನೋಡಿದ ಪಿಎಚ್ಚೇ ನಿಜವಾದದ್ದು.

ಕುಡಿಯುವ ನೀರಿನ ಪ್ಯೂರಿಫೈಯರ್‌ನಿಂದ ಹಿಡಿಯುವವರು ಒಂದು ವಿಷಯ ಗಮನಿಸಬೇಕು. ಹಲವು ಯಂತ್ರಗಳಲ್ಲಿ ಟಿಡಿಎಸ್ ಅಡ್ಜಸ್ಟರ್ ಇರುತ್ತದೆ. ಅದು ಮೆಂಬ್ರೇನ್ ದಾಟದ ನೀರನ್ನು ಸ್ವಲ್ಪ ಮತ್ತೆ ಸೇರಿಸುತ್ತದೆ. ಕೆಲವದರಲ್ಲಿ ಮಿನರಲ್ ಕಾರ್ಟ್ರಿಡ್ಜ್ ಕೂಡ ಇರುತ್ತದೆ. ಅಂಥ ನೀರಿನ ಜಿಎಚ್ ಸೊನ್ನೆ ಅಲ್ಲ, ಅಳೆದು ಬಂದ ಅಂಕಿಯನ್ನೇ ಲೆಕ್ಕಕ್ಕೆ ಹಾಕಿ. ಯಂತ್ರ ಬಹಳ ಹೊತ್ತು ನಿಂತಿದ್ದರೆ ಮೊದಲು ಬರುವ ನೀರಿನಲ್ಲಿ ಲವಣ ಹೆಚ್ಚಿರುತ್ತದೆ, ಅದನ್ನು ಬಿಟ್ಟು ಹಿಡಿಯಿರಿ.

ಬೆರೆಸುವುದು ಟ್ಯಾಂಕಿನಲ್ಲಲ್ಲ, ಬೇರೆ ಡ್ರಮ್ಮಿನಲ್ಲಿ. ಮೊದಲು ನಲ್ಲಿ ನೀರು ತುಂಬಿ ಆಂಟಿ ಕ್ಲೋರಿನ್ ಹಾಕಿ. ನೀರಿಗೆ ಕ್ಲೋರಮೈನ್ (ಕ್ಲೋರಿನ್, ಅಮೋನಿಯಾ ಸೇರಿದ್ದು) ಬಳಸುವ ಕಡೆ ರಾತ್ರಿಯಿಡೀ ತೆರೆದಿಟ್ಟರೂ ಅದು ಹೋಗುವುದಿಲ್ಲ, ಅಮೋನಿಯಾವನ್ನೂ ಹಿಡಿಯುವ ಕಂಡಿಷನರ್ ಬೇಕು. ಆಮೇಲೆ ಆರ್‌ಒ ನೀರು ಸೇರಿಸಿ, ಏರ್ ಸ್ಟೋನ್ ಬಿಟ್ಟು, ಟ್ಯಾಂಕಿನ ಉಷ್ಣತೆಗೆ ಬಂದ ಮೇಲೆ ಬಳಸಿ.

ಹಳೆಯ ಟ್ಯಾಂಕನ್ನು ಒಂದೇ ಏಟಿಗೆ ಮೆದು ಮಾಡಬಾರದು. ಮೀನಿನ ಮೈಯೊಳಗಿನ ಲವಣದ ಸಮತೋಲನ ಹೊಂದಿಕೊಳ್ಳಲು ಸಮಯ ಬೇಕು. ಜಿಎಚ್ 18 ಇರುವ ಟ್ಯಾಂಕಿಗೆ ವಾರಕ್ಕೊಮ್ಮೆ ಕಾಲು ಭಾಗ ತೆಗೆದು 6ರ ಮಿಶ್ರಣ ಹಾಕಿದರೆ ಮೊದಲ ವಾರ 15, ಎರಡನೆಯ ವಾರ 12.75, ಮೂರನೆಯ ವಾರ 11, ನಾಲ್ಕನೆಯ ವಾರ 10ಕ್ಕಿಂತ ತುಸು ಕೆಳಗೆ. ಈ ವೇಗ ಸರಿಯಾಗಿದೆ.

ಆವಿಯಾಗಿ ಕಡಿಮೆಯಾದ ನೀರನ್ನು ಭರ್ತಿ ಮಾಡುವಾಗ ಮಿಶ್ರಣ ಬಳಸಬೇಡಿ, ಬರೀ ಆರ್‌ಒ ಹಾಕಿ. ಆವಿಯಾಗುವುದು ನೀರು ಮಾತ್ರ, ಲವಣ ಟ್ಯಾಂಕಿನಲ್ಲೇ ಉಳಿಯುತ್ತದೆ. 100 ಲೀಟರ್ ಟ್ಯಾಂಕಿನಲ್ಲಿ ವಾರಕ್ಕೆ 5 ಲೀಟರ್ ಆವಿಯಾಗಿ, ಪ್ರತಿ ಸಲ 18ರ ನಲ್ಲಿ ನೀರನ್ನೇ ತುಂಬಿದರೆ ಜಿಎಚ್ ವಾರಕ್ಕೆ 0.9 ಡಿಗ್ರಿ ಏರುತ್ತದೆ.